ಕೋಪಕ್ಕೊಂದು ಸೈಕಲ್ ಬೆಲ್ಲು

ನನಗೆ ಕೋಪ ಬರುವುದಿಲ್ಲ. ಜನ ಬರಿಸುತ್ತಾರೆ. ಈ ಸಣ್ಣ ವ್ಯತ್ಯಾಸ ನನ್ನ ಹೆಂಡತಿ ಸುಕನ್ಯಳಿಗೆ ಮದುವೆಯಾಗಿ ಇಷ್ಟು ವರ್ಷವಾದರೂ ತಲೆಗೆ ಹತ್ತಿಲ್ಲ. ಹಾಲಿನವನು ತಡವಾಗಿ ಬಂದಾಗ ನಾನು ಗೇಟಿನ ಹತ್ತಿರ ನಿಂತು ನಾಲ್ಕು ಮಾತು ಹೇಳುತ್ತೇನೆ. ಅದು ಮೂರನೇ ಕ್ರಾಸಿನವರೆಗೂ ಕೇಳಿಸಿದರೆ ತಪ್ಪು ನನ್ನದಲ್ಲ, ನಮ್ಮ ಬೀದಿ ಅಷ್ಟು ಕಿರಿದು.

ನನ್ನ ಹೆಸರು ಮುನಿಆಂಜನಪ್ಪ. ದೊಮ್ಮಲೂರು ಹಳ್ಳಿಯವನು. (ಫ್ಲೈಓವರ್ ಪಕ್ಕ ಹಳ್ಳಿ ಎಲ್ಲಿಂದ ಬಂತು ಸಾರ್ ಎಂದು ಕೇಳಿದ ಒಬ್ಬನಿಗೂ ನನಗೂ ದೊಡ್ಡ ಜಗಳವೇ ಆಗಿದೆ. ಹಳ್ಳಿ ಬರಲಿಲ್ಲಪ್ಪ, ಫ್ಲೈಓವರ್ ಬಂತು.) ಮುನೇಶ್ವರನಿಗೆ ಹರಕೆ ಹೊತ್ತು ಪಡೆದ ಮಗನೆಂದು ಅಪ್ಪ ಈ ಹೆಸರಿಟ್ಟರು. ಅದು ಮುನೇಶ್ವರನ ಮುನಿ ಅಲ್ಲ, ಮುನಿಸಿನ ಮುನಿ ಎಂಬುದು ನನ್ನ ಹೆಂಡತಿಯ ವ್ಯಾಕರಣ. ನನಗೆ ವ್ಯಾಕರಣ ಬಾರದು. ಓದಿದ್ದು ಏಳನೇ ಕ್ಲಾಸು. ಎಂಟಕ್ಕೆ ಕಾಲಿಟ್ಟ ಮೊದಲ ವಾರವೇ ಲೆಕ್ಕದ ಮೇಷ್ಟರಿಗೂ ನನಗೂ ಮಾತಿಗೆ ಮಾತು ಬೆಳೆದು ಇಬ್ಬರಲ್ಲಿ ಒಬ್ಬರು ಸ್ಕೂಲು ಬಿಡಲೇಬೇಕಾಯಿತು. ಮೇಷ್ಟರಿಗೆ ಸಂಬಳ ಬರುತ್ತಿತ್ತು. ಹಾಗಾಗಿ ನಾನು ಬಿಟ್ಟೆ. ಈಗ ಅಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಮನೆ ಎದ್ದಿದೆ. ಬಾಡಿಗೆಯವರನ್ನು ಬೈದುಕೊಂಡು ನೆಮ್ಮದಿಯಾಗಿದ್ದೇನೆ.

ನೆಮ್ಮದಿ ಕೆಟ್ಟದ್ದು ಮಗಳ ಮದುವೆಯ ಮಾತು ಎದ್ದ ಮೇಲೆ. ಧನುಶ್ರೀ ಇಂದಿರಾನಗರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಚಿನ್ನದಂಥ ಹುಡುಗಿ. ಆದರೂ ಬಂದ ಎರಡು ಸಂಬಂಧ ಮುರಿದುಬಿದ್ದವು. ಮೊದಲನೆಯದರಲ್ಲಿ ಗಂಡಿನ ಸೋದರಮಾವ ಕಾಫಿ ಕುಡಿಯುತ್ತಾ, “ತಾವು ಎಲ್ಲಿವರೆಗೂ ಓದಿದೀರಿ?” ಎಂದು ಕೇಳಿದ. “ಗೇಟ್ ಎಲ್ಲಿದೆ ಅಂತ ತೋರಿಸೋವಷ್ಟು” ಎಂದು ಹೇಳಿ, ತೋರಿಸಿದೆ. ಎರಡನೆಯದರಲ್ಲಿ ಗಂಡಿನ ತಂದೆ ಫೋನಿನಲ್ಲಿ ನನ್ನನ್ನು ಹೋಲ್ಡಿನಲ್ಲಿಟ್ಟು ಬೇರೆ ಯಾರ ಜೊತೆಗೋ ಮಾತಾಡಲು ಹೋದ. ವಾಪಸ್ ಬರುವ ಹೊತ್ತಿಗೆ ನಾನು ಅವರ ಮೂರು ತಲೆಮಾರಿನ ಯೋಗಕ್ಷೇಮ ವಿಚಾರಿಸಿ ಮುಗಿಸಿದ್ದೆ.

ಮೂರನೆಯದನ್ನು ತಂದವನು ನಮ್ಮ ಮದುವೆ ದಲ್ಲಾಳಿ ಚಿಕ್ಕಮುನಿಯಪ್ಪ. ಕೆ.ಆರ್. ಪುರ ದಾಟಿ ಮೇಡಹಳ್ಳಿಯ ಮುನಿರಾಜಪ್ಪ, ಮಂಜುಳಮ್ಮ ದಂಪತಿಯ ಮಗ ಸೂರ್ಯ. ಕಾರಿನ ಷೋರೂಮಿನಲ್ಲಿ ಮ್ಯಾನೇಜರು. ಹುಡುಗ ಹುಡುಗಿ ಒಂದು ಸಲ ಹೋಟೆಲಿನಲ್ಲಿ ಭೇಟಿಯಾಗಿ ಮಾತಾಡಿ ಬಂದರು. ಬಂದವಳೇ ಮಗಳು ನನ್ನ ಮುಂದೆ ನಿಂತಳು.

“ಅಪ್ಪಾ, ನಂಗೆ ಒಪ್ಪಿಗೆ. ಅವ್ರಿಗೂ ಒಪ್ಪಿಗೆ. ಇನ್ನು ನೀವೊಬ್ರು ಬಾಯಿ ಬಿಡದೆ ಇದ್ರೆ ಸಾಕು.”

ಅವಳ ಕಣ್ಣಲ್ಲಿ ನೀರು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಸೀಲಿಂಗ್ ಫ್ಯಾನು ನೋಡುತ್ತಿದ್ದೆ. ಆದರೆ ಆ ಕ್ಷಣವೇ ಶಪಥ ಮಾಡಿದೆ: ಬೀಗರಾಗಬೇಕಾದರೆ ಬಾಯಿಗೆ ಬೀಗ.

ಮಾರನೇ ದಿನ ಚಿಕ್ಕಮುನಿಯಪ್ಪ ಫೋನು ಮಾಡಿದ.

“ಅಣ್ಣಾ, ಒಂದ್ ವಿಷ್ಯ. ಆ ಮನೆಯೋರು ನಿನ್ ಕೋಪದ ಬಗ್ಗೆ ವಿಚಾರಿಸ್ತಾವ್ರೆ. ಮಂಜುಳಮ್ಮ ಅಂತೂ ಬಿಡಿಸಿ ಬಿಡಿಸಿ ಕೇಳಿದ್ರು. ಎಷ್ಟು ಕೋಪ, ಯಾರ್ ಯಾರ್ ಮೇಲೆ, ಒಂದ್ಸಲ ಶುರುವಾದ್ರೆ ಎಷ್ಟೊತ್ತು ಇರುತ್ತೆ ಅಂತ.”

“ನೀನೇನಂದೆ?”

“ದೇವರಂಥ ಮನುಷ್ಯ ಅಂದೆ. ಯಾವ ದೇವ್ರು ಅಂತ ಹೇಳ್ಲಿಲ್ಲ.”

ಸಂಜೆಗೆ ಖುದ್ದು ಮುನಿರಾಜಪ್ಪನವರ ಫೋನು. ಹತ್ತಿಯಲ್ಲಿ ಸುತ್ತಿದಂಥ ದನಿ. ಪ್ರತಿ ಮಾತಿಗೂ ಮುಂಚೆ ಒಂದು ‘ತಪ್ಪು ತಿಳ್ಕೋಬೇಡಿ’.

“ತಪ್ಪು ತಿಳ್ಕೋಬೇಡಿ ಆಂಜನಪ್ಪನವ್ರೇ, ನಾನು ಒಂದು ಸೈಕಲ್ ಕ್ಲಬ್ ಅಧ್ಯಕ್ಷ. ಭಾನುವಾರ ರೈಡ್ ಇಟ್ಕೊಂಡಿದೀವಿ. ಹಲಸೂರು ಕೆರೆಯಿಂದ ಹೊಸಕೋಟೆ ತಂಕ. ವಾಪಸ್ ಬರ್ತಾ ನಮ್ಮನೇಲಿ ಎಲ್ಲಾರ್ಗೂ ಊಟ. ನೀವೂ ಬಂದ್ಬಿಡಿ. ಹೆಂಗಸ್ರು ಕಾರಲ್ಲಿ ಬರ್ಲಿ. ಮನೆ ನೋಡೋ ಶಾಸ್ತ್ರಾನೂ ಆಯ್ತು, ವ್ಯಾಯಾಮಾನೂ ಆಯ್ತು.”

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಗಂಭೀರ ವಿಷಯ. ನಮ್ಮ ತಾತ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ. ಅಪ್ಪ ಬಾಡಿಗೆ ಟೆಂಪೊದಲ್ಲಿ ಹೋಗಿದ್ದರು. ಪೆಡಲು ತುಳಿದುಕೊಂಡು ಹೋಗುವ ಸೌಭಾಗ್ಯ ನಮ್ಮ ವಂಶದಲ್ಲಿ ನನಗೇ ಮೊದಲು.

“ಪರೀಕ್ಷೆ ರೀ ಇದು!” ಎಂದಳು ಸುಕನ್ಯ. “ದಿನ ಪೂರ್ತಿ ಮಳೇಲಿ, ಟ್ರಾಫಿಕ್ಕಲ್ಲಿ ನಿಮ್ಮನ್ನ ತಿರುಗಿಸಿ ಎಲ್ಲಿ ಕೂಗಾಡ್ತೀರೋ ಅಂತ ನೋಡ್ತಾರೆ. ಬೀಗಿತ್ತಿಗೆ ಕೋಪ ಅಂದ್ರೆ ಭಯ. ಅದಕ್ಕೇ ಹಂಗೆ ಬಿಡಿಸಿ ಕೇಳಿರೋದು.”

“ನಾನ್ ಹೋಗಲ್ಲ ಅಂದ್ಬಿಡ್ಲಾ?”

“ಅಂದ್ರೆ ಕೋಪಿಷ್ಠ ಅಂತ ಮೊಹರು ಬಿತ್ತು. ಹೋಗಿ. ಬಾಯಿ ಮಾತ್ರ ಬಿಡ್ಬೇಡಿ.”

“ಕೋಪ ಬಂದ್ರೆ ಏನ್ ಮಾಡ್ಲೇ? ನುಂಗ್ಲಾ? ಬಿ.ಪಿ. ಏರಿ ಅಲ್ಲೇ ಬಿದ್ಕೊಂಡ್ರೆ?”

ಸುಕನ್ಯ ಕಣ್ಣು ಮುಚ್ಚಿ ಯೋಚಿಸಿದಳು. (ಅವಳು ಹಾಗೆ ಕಣ್ಣು ಮುಚ್ಚಿದಾಗೆಲ್ಲ ನನಗೇನೋ ಕಾದಿರುತ್ತದೆ.) ಆಮೇಲೆ ಮೆಟ್ಟಿಲ ಕೆಳಗೆ ಹೋಗಿ, ಅಪ್ಪ ಕೊತ್ತಂಬರಿ ಹೇರಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ತುಳಿಯುತ್ತಿದ್ದ ಹಳೇ ಸೈಕಲ್ಲನ್ನು ಎಳೆದು ತಂದಳು. ಅದಕ್ಕೊಂದು ಹಿತ್ತಾಳೆ ಬೆಲ್ಲು. ಸಣ್ಣ ಬಟ್ಟಲಿನಷ್ಟು ದಪ್ಪ. ಆ ಕಾಲದಲ್ಲಿ ಅದನ್ನು ಹೊಡೆದರೆ ಮಾರ್ಕೆಟ್ಟಿನ ಹಸುಗಳು ತಾವಾಗಿಯೇ ದಾರಿ ಬಿಡುತ್ತಿದ್ದವು.

“ಕೋಪ ಬಂದ್ರೆ ಬಾಯಿ ತೆಗೀಬೇಡಿ. ಇದನ್ನ ಒತ್ತಿ. ಎಷ್ಟು ಕೋಪವೋ ಅಷ್ಟು ಒತ್ತಿ. ಹೆಬ್ಬೆಟ್ಟಲ್ಲಿ ಹೋಗ್ಬಿಡ್ಲಿ.”

ಅಭ್ಯಾಸಕ್ಕಾಗಿ ಆ ವಾರವೆಲ್ಲ ಬೆಲ್ಲು ಬಿಚ್ಚಿ ನನ್ನ ಕುರ್ಚಿಯ ಕೈಗೆ ಕಟ್ಟಿದ್ದಳು. ಹಾಲು ಲೇಟು, ಟ್ರಿಣ್. ಟಿ.ವಿ.ಯಲ್ಲಿ ವಾರ್ತೆ, ಟ್ರಿಣ್ ಟ್ರಿಣ್. ಮೂರನೇ ಮಹಡಿಯವರು ಮತ್ತೆ ಪಂಪು ಹಾಕಿ ಆರಿಸದೆ ಮಲಗಿದ್ದಾರೆ, ಟ್ರಿಣ್ ಟ್ರಿಣ್ ಟ್ರಿಣ್. ಮೇಲಿನ ಬಾಡಿಗೆಯವರು ಪ್ರತಿ ಸಲವೂ ಬಾಗಿಲು ತೆರೆದು ಯಾರು ಬಂದರೆಂದು ಮೆಟ್ಟಿಲು ಬಗ್ಗಿ ನೋಡುತ್ತಿದ್ದರು. ಶನಿವಾರದ ಹೊತ್ತಿಗೆ ಬೈಗುಳ ಗಂಟಲಿಗೆ ಬರುವ ಮುಂಚೆಯೇ ಹೆಬ್ಬೆಟ್ಟು ತಾನೇ ಏಳುತ್ತಿತ್ತು. ಮನೆಯಲ್ಲಿ ಎಂಥ ಶಾಂತಿ ನೆಲೆಸಿತೆಂದರೆ ಸುಕನ್ಯ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಭಾನುವಾರ ಬಂತು. ಬೆಲ್ಲು ಕುರ್ಚಿಯಿಂದ ಇಳಿದು ಮತ್ತೆ ಸೈಕಲ್ಲು ಏರಿತು. ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿದಿತ್ತು. ಸ್ವಾತಿಯ ಹನಿ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುತ್ತದಂತೆ. ಬೆಂಗಳೂರಿನಲ್ಲಿ ಎಲ್ಲಿ ಬಿದ್ದರೂ ಗುಂಡಿಯಾಗುತ್ತದೆ. ಜಿನುಗುವ ಮಳೆಯಲ್ಲಿ ಹಲಸೂರು ಕೆರೆಯ ಹತ್ತಿರ ಹೋಗಿ ನೋಡುತ್ತೇನೆ, ಹತ್ತು ಹದಿನೈದು ಜನ ಮೈಗೆ ಬಣ್ಣ ಬಳಿದುಕೊಂಡಂಥ ಬಟ್ಟೆಯಲ್ಲಿ ನಿಂತಿದ್ದಾರೆ! ಚಡ್ಡಿಯ ಹಿಂಭಾಗಕ್ಕೆ ಒಳಗಿಂದ ದಿಂಬು ಹೊಲಿದಿದೆ. ನಮ್ಮ ಭಾವಿ ಬೀಗರಾದ ಮುನಿರಾಜಪ್ಪನವರು, ನನ್ನಷ್ಟೇ ವಯಸ್ಸು, ನನಗಿಂತ ಒಂದು ಸುತ್ತು ದೊಡ್ಡ ಹೊಟ್ಟೆ, ಅದೇ ವೇಷದಲ್ಲಿ ಕೈಮುಗಿದುಕೊಂಡು ಬಂದರು. ನಾನು ಪಂಚೆ ಎತ್ತಿ ಕಟ್ಟಿ ಮೇಲೊಂದು ರೇನ್‌ಕೋಟು ಹಾಕಿದ್ದೆ. ಮರ್ಯಾದಸ್ಥನಾಗಿ ಕಾಣುತ್ತಿದ್ದವನು ನಾನೊಬ್ಬನೇ. ಹಾಗಾಗಿ ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು.

ಕ್ಯಾಪ್ಟನ್ ರೇವತಿ ಎಂಬ ಹುಡುಗಿ. ಹಲಸೂರಿನವಳು. ನನ್ನ ಮಗಳ ವಯಸ್ಸು, ಸಬ್ ಇನ್ಸ್‌ಪೆಕ್ಟರ್ ದನಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿಯಮಗಳನ್ನು ಹೇಳಿದಳು. ಎಲ್ಲರಿಗಿಂತ ಹಿಂದೆ ಮೊಹ್ಸಿನ್ ಎನ್ನುವವರು ಇರುತ್ತಾರೆ, ಹಿಂದುಳಿದವರನ್ನು ಗುಡಿಸಿಕೊಂಡು ಬರುವುದು ಅವರ ಕೆಲಸ, ಯಾರನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ ಇತ್ಯಾದಿ. ಬೆಲ್ಲಿನ ವಿಚಾರವೂ ಏನೋ ಹೇಳಿದಳಂತೆ. ನನ್ನ ಗಮನ ಬೀಗರ ಚಡ್ಡಿಯ ಕಡೆ ಇದ್ದದ್ದರಿಂದ ಅಷ್ಟು ಕೇಳಿಸಲಿಲ್ಲ. ಆ ಅಷ್ಟರಲ್ಲೇ ನನ್ನ ಹಣೆಬರಹವಿತ್ತು.

ಹೊರಟೆವು. ಹಳೇ ಮದ್ರಾಸು ರಸ್ತೆ. ಇಂದಿರಾನಗರದ ಮೆಟ್ರೊ ಕೆಳಗೆ ಹೋಗುತ್ತಿರುವಾಗ ಒಂದು ಬಿಳಿ ಕಾರು ರಸ್ತೆಯಲ್ಲಿದ್ದ ನೀರನ್ನೆಲ್ಲ ಎತ್ತಿ ನನ್ನ ತಲೆಯಿಂದ ಕಾಲಿನವರೆಗೆ ಅಭಿಷೇಕ ಮಾಡಿತು. ಒಳಗಿದ್ದವನು ಫೋನಿನಲ್ಲಿ ನಗುತ್ತಿದ್ದ. ನನ್ನ ಗಂಟಲಲ್ಲಿ ಹನ್ನೆರಡು ಶಬ್ದಗಳು ಸಾಲುಗಟ್ಟಿದವು. ಪಕ್ಕದಲ್ಲಿ ನೋಡಿದರೆ ಮುನಿರಾಜಪ್ಪ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಮಗಳ ಮುಖ ನೆನಪಾಯಿತು. ಹೆಬ್ಬೆಟ್ಟು ಎದ್ದಿತು.

ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್!

ಮುಂದಿದ್ದ ಅಷ್ಟೂ ಸೈಕಲ್ಲುಗಳು ಗಕ್ಕನೆ ನಿಂತವು. ಒಂದಕ್ಕೊಂದು ತಾಗಿದವು. ರೇವತಿ ಸೈಕಲ್ಲು ಬಿಸಾಕಿ ಓಡಿಬಂದಳು.

“ಯಾರ್ ಬಿದ್ರು? ಯಾರಿಗೆ ಏನಾಯ್ತು?”

“ಯಾರೂ ಬಿದ್ದಿಲ್ವಲ್ಲಮ್ಮಾ.”

“ಮತ್ತೆ ಬೆಲ್ ಹೊಡೆದ್ರಲ್ಲ ಅಂಕಲ್? ಹೊರಡೋವಾಗ ಹೇಳಿದ್ನಲ್ಲ, ಮೂರು ಸಲಕ್ಕಿಂತ ಜಾಸ್ತಿ ಬೆಲ್ ಅಂದ್ರೆ ಹಿಂದೆ ಯಾರೋ ಕಷ್ಟದಲ್ಲಿದಾರೆ, ಎಲ್ರೂ ನಿಲ್ಬೇಕು ಅಂತ!”

ಏನು ಹೇಳಲಿ? ಕೋಪ ಬಂದಿತ್ತು ಎನ್ನಲೇ? ತಿರುಗಿ ನೋಡಿದೆ. ದೂರದಲ್ಲಿ ನಿತೀಶ್ ಎಂಬ ದಪ್ಪ ಹುಡುಗ ಏದುಸಿರು ಬಿಡುತ್ತಾ ಬರುತ್ತಿದ್ದ. ಅವನ ಹಿಂದೆ ಮೊಹ್ಸಿನ್.

“ಆ ಹುಡುಗ ಪಾಪ ಹಿಂದೆ ಬಿದ್ದ ಅಂತ...” ಎಂದೆ.

ಮುನಿರಾಜಪ್ಪನವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ನೋಡ್ರಪ್ಪಾ! ಮೈಯೆಲ್ಲಾ ಕೆಸರಾಗಿದೆ, ಒಂದ್ ಮಾತಿಲ್ಲ. ಹಿಂದಿರೋರ ಚಿಂತೆ! ಮನುಷ್ಯತ್ವ ಅಂದ್ರೆ ಇದು.” ಆದರೆ ಹಾಗೆ ಹೇಳುವಾಗ ಅವರ ಮುಖ ಒಂದು ಚೂರು ಸಪ್ಪಗಿತ್ತು. ಮಳೆಗೆ ಹಾಗೆ ಕಾಣುತ್ತಿದೆ ಎಂದುಕೊಂಡೆ.

ನಿತೀಶ್ ಬಂದವನೇ ತನ್ನ ಕೈಗಡಿಯಾರ ನೋಡಿ ಹಣೆ ಚಚ್ಚಿಕೊಂಡ. ಆ ಗಡಿಯಾರ ಅವನ ಎದೆಬಡಿತ, ಬೆವರು, ವೇಗ ಎಲ್ಲವನ್ನೂ ಎಣಿಸಿ ಊರಿಗೆಲ್ಲ ಹೇಳುತ್ತದಂತೆ. ನಿಂತರೆ ಸರಾಸರಿ ಇಳಿಯುತ್ತದಂತೆ.

“ಥ್ಯಾಂಕ್ಸ್ ಅಂಕಲ್. ಆದ್ರೆ ಇನ್ನೊಂದ್ಸಲ ನಿಲ್ಲಿಸ್ಬೇಡಿ. ನನ್ ಆವರೇಜ್ ಸತ್ತೋಗುತ್ತೆ.”

ಸತ್ತುಹೋಯಿತು. ಏಕೆಂದರೆ ಮುಂದೆ ಟಿನ್ ಫ್ಯಾಕ್ಟರಿ ಜಂಕ್ಷನ್ನು ಬಂತು, ಊರಿನ ಟ್ರಾಫಿಕ್ಕೆಲ್ಲ ಬಂದು ಸಿಕ್ಕಿಕೊಳ್ಳುವ ಜಾಗ. ಅಲ್ಲಿ ಕೋಪ ಬಾರದವನು ಸತ್ತವನು ಮಾತ್ರ. ಒಬ್ಬ ಆಟೊದವನು ಎಡದಿಂದ ನುಗ್ಗಿ ನನ್ನ ಮುಂದೆಯೇ ನಿಲ್ಲಿಸಿ, ತಲೆ ಹೊರಗೆ ಹಾಕಿ, “ಏನ್ ಗುರೂ, ಯಾವ್ ಸರ್ಕಸ್ ಕಂಪ್ನಿ? ಯಜಮಾನ್ರು ಜೋಕರ್ರಾ?” ಎಂದ.

ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್!

ಕೆ.ಆರ್. ಪುರದ ತೂಗುಸೇತುವೆಗೆ ಇನ್ನೊಂದಿಷ್ಟು ದೂರವಿರುವಾಗ, ನಟ್ಟನಡು ರಸ್ತೆಯಲ್ಲಿ ಕ್ಲಬ್ಬು ನಿಂತಿತು. ಹಿಂದೆ ಬಸ್ಸುಗಳು, ಲಾರಿಗಳು, ಕಂಪನಿಯ ವ್ಯಾನುಗಳು ನಿಂತವು. (ಆ ದಿನ ಕೆ.ಆರ್. ಪುರದಲ್ಲಿ ಆದ ಟ್ರಾಫಿಕ್ ಜಾಮಿಗೆ ನಾನೇ ಕಾರಣ ಎಂದು ನಿತೀಶ್ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಆ ಜಾಮು ಅವನು ಹುಟ್ಟುವುದಕ್ಕೆ ಮುಂಚಿನಿಂದ ಅಲ್ಲೇ ಇದೆ.) ಹಿಂದಿನಿಂದ ಮೊಹ್ಸಿನ್ ಬಂದರು. ಶಿವಾಜಿನಗರದಲ್ಲಿ ಮೋಟಾರು ಬಿಡಿಭಾಗದ ಅಂಗಡಿ ಇರುವ, ಗಡ್ಡ ನೆರೆತ ಮನುಷ್ಯ.

“ಕ್ಯಾ ಹುವಾ ಭಾಯ್? ಹಿಂದೆ ನಾನೊಬ್ನೇ ಇರೋದು. ನಾನ್ ಚೆನ್ನಾಗೇ ಇದೀನಲ್ಲ!”

“ನೀವು ಚೆನ್ನಾಗಿದೀರಾ ಅಂತ ಕೇಳೋಕೇ ಹೊಡೆದೆ” ಎಂದೆ.

ಮೊಹ್ಸಿನ್ ಕಣ್ಣು ತೇವವಾಯಿತು. “ಮುವ್ವತ್ತು ರೈಡ್ ಗುಡಿಸಿದೀನಿ ಸಾಹೇಬ್. ಕಸ ಗುಡಿಸೋನ್ನ ಯಾರೂ ಕೇಳಲ್ಲ. ನೀವೇ ಮೊದಲು” ಎಂದು ನನ್ನ ಕೈ ಹಿಡಿದು ಕುಲುಕಿದರು. ಹಿಂದಿನ ಲಾರಿಯವನು ನಮ್ಮ ಸ್ನೇಹಕ್ಕೆ ಹಾರನ್ನು ಹೊಡೆದು ಶುಭ ಕೋರಿದ.

ಹೊಸಕೋಟೆ ಹತ್ತಿರ ಒಂದು ಕಾಫಿ ಅಂಗಡಿಯಲ್ಲಿ ಇಳಿದೆವು. ಕಾಫಿ ಅಂಗಡಿ ಎಂದರೆ ತಪ್ಪಾಯಿತು. ಗೋಡೆಗೆ ಸಿಮೆಂಟು ಹಚ್ಚದೆ ಅರ್ಧಕ್ಕೆ ನಿಲ್ಲಿಸಿ ಅದನ್ನೇ ಶೃಂಗಾರ ಎನ್ನುವ ಜಾಗ. ಮೇಸ್ತ್ರಿ ಓಡಿಹೋದ ಮನೆಯ ಹಾಗಿತ್ತು. ಕಾಫಿ ಬಂತು. ಮೇಲೆ ಹಾಲಿನಲ್ಲಿ ಎಲೆಯ ಚಿತ್ರ, ಕೆಳಗೆ ಕಷಾಯ. ಬೆಲೆ ನೋಡಿದೆ. ಅಷ್ಟಕ್ಕೆ ನಮ್ಮ ಕಡೆ ಒಂದು ಮನೆಗೆ ತಿಂಗಳ ಕಾಫಿಪುಡಿ ಬರುತ್ತದೆ. ಬೆಲ್ಲು ಹುಡುಕಿದೆ, ಅದು ಹೊರಗೆ ಮಳೆಯಲ್ಲಿ ಸೈಕಲ್ಲಿನ ಜೊತೆ ನಿಂತಿತ್ತು. ಸದ್ದಿಲ್ಲದೆ ಎದ್ದು ಹೋಗಿ, ಆಚೀಚೆ ನೋಡಿ, ಮನಸ್ಸು ತಣಿಯುವಷ್ಟು ಒತ್ತಿದೆ. ಒಳಗಿದ್ದವರೆಲ್ಲ ಕಪ್ಪು ಬಿಟ್ಟು, ದಿಂಬಿನ ಚಡ್ಡಿಗಳಲ್ಲಿ ದಡಬಡನೆ ಹೊರಗೆ ಓಡಿಬಂದರು.

“ಈಗ್ಯಾರು ಅಂಕಲ್?” ರೇವತಿ ಕೇಳಿದಳು. ಸಬ್ ಇನ್ಸ್‌ಪೆಕ್ಟರ್ ದನಿ ಡಿ.ಸಿ.ಪಿ. ದನಿಯಾಗಿತ್ತು.

“ಮಳೆ ಜೋರಾಗ್ತಿದೆ, ಎಲ್ರೂ ಬೇಗ ಮನೆ ಸೇರ್ಲಿ ಅಂತ” ಎಂದೆ.

ಮುನಿರಾಜಪ್ಪ ನಿಟ್ಟುಸಿರು ಬಿಟ್ಟರು. “ನಿಮ್ಗೆ ಯಾವಾಗ್ಲೂ ಹಿಂಗೇನಾ ಆಂಜನಪ್ಪನವ್ರೇ? ಇಷ್ಟ್ ಸಾಧುನಾ? ಒಂದ್ಸಲಾನೂ... ಅಂದ್ರೆ... ಯಾರ ಮೇಲೂ ಕೂಗಾಡಲ್ವಾ?”

ಪರೀಕ್ಷೆ! ಕೊನೆಯ ಪ್ರಶ್ನೆ! ನಾನು ಕಣ್ಣು ಅರೆ ಮುಚ್ಚಿ, “ಕೂಗಾಡಿ ಏನ್ ಸಾಧಿಸ್ತೀವಿ ಬಿಡಿ. ಎಲ್ಲಾರೂ ನಮ್ಮೋರೇ” ಎಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಪರಿಚಯವಾಗಲಿಲ್ಲ.

ವಾಪಸು ಬರುವಾಗ ಮಳೆ ಬಿಂದಿಗೆಯಲ್ಲಿ ಹೊಯ್ದಂತೆ ಸುರಿಯಿತು. ಮೇಡಹಳ್ಳಿಯ ಹತ್ತಿರ ಸರ್ವಿಸ್ ರಸ್ತೆಯನ್ನು ಯಾರೋ ಅಗೆದಿದ್ದರು. ಯಾರು, ಏತಕ್ಕೆ ಎಂಬುದು ಅಗೆದವರಿಗೂ ಗೊತ್ತಿರಲಿಕ್ಕಿಲ್ಲ. ನೀರು ತುಂಬಿ ಹಳ್ಳವೂ ರಸ್ತೆಯೂ ಒಂದೇ ಆಗಿತ್ತು. ಮುಂದಿದ್ದವರೆಲ್ಲ ಬಲಕ್ಕೆ ತಿರುಗಿದರು. ನಾನು ನೇರ ಹೋದೆ. ಒಂದು ಕ್ಷಣ ರಸ್ತೆಯ ಮೇಲಿದ್ದೆ, ಮರುಕ್ಷಣ ಎದೆಮಟ್ಟ ಕೆಸರುನೀರಿನಲ್ಲಿ ಸೈಕಲ್ಲಿನ ಮೇಲೆ ಕೂತೇ ಇದ್ದೆ. ಪಂಚೆ ಮಾತ್ರ ಕಮಲದೆಲೆಯ ಹಾಗೆ ಮೇಲೆ ತೇಲುತ್ತಿತ್ತು. ನನ್ನೊಳಗೆ ಅಗ್ನಿಪರ್ವತ ಎದ್ದಿತು. ಕಂಟ್ರಾಕ್ಟರ್, ಎಂಜಿನಿಯರ್, ಅವರವರ ಮನೆದೇವರು, ಎಲ್ಲರ ಹೆಸರೂ ನಾಲಿಗೆಯ ತುದಿಗೆ ಬಂದವು. ಹೆಬ್ಬೆಟ್ಟು ಒತ್ತಿತು. ಬೆಲ್ಲು ನೀರಿನೊಳಗಿಂದ ‘ಗುಳ್ ಗುಳ್ ಗುಳ್’ ಎಂದಿತು.

ಹುಡುಗ ಸೂರ್ಯ ಅಲ್ಲೇ ಮನೆಯ ತಿರುವಿನಲ್ಲಿ ಕೊಡೆ ಹಿಡಿದು ಕಾಯುತ್ತಿದ್ದವನು ಓಡಿಬಂದು, ಮೊಹ್ಸಿನ್ ಜೊತೆ ಸೇರಿ ನನ್ನನ್ನೂ ಸೈಕಲ್ಲನ್ನೂ ಮೇಲಕ್ಕೆ ಎಳೆದು ಹಾಕಿದ.

“ಮಾವ, ಪೆಟ್ಟಾಯ್ತಾ?”

“ಏನಿಲ್ಲ ಕಣಪ್ಪ, ತಂಪಾಗಿತ್ತು” ಎಂದು ನಕ್ಕೆ. ಹಲ್ಲಿನ ಸಂದಿಯಿಂದ ಒಂದು ಸಣ್ಣ ಕಡ್ಡಿ ಹೊರಬಂತು.

ಮನೆ ಚೆನ್ನಾಗಿತ್ತು. ಸುಕನ್ಯ, ಧನುಶ್ರೀ ಆಗಲೇ ಕಾರಿನಲ್ಲಿ ಬಂದು ಕೂತಿದ್ದರು. ನನ್ನ ಅವತಾರ ನೋಡಿ ಸುಕನ್ಯ ಕಣ್ಣಲ್ಲೇ ಕೇಳಿದಳು. ನಾನು ಹೆಬ್ಬೆಟ್ಟು ಎತ್ತಿ ತೋರಿಸಿದೆ: ಒಂದು ಬೈಗುಳವೂ ಹೊರಬಿದ್ದಿಲ್ಲ. ಅವಳ ಮುಖ ಅರಳಿತು. ಮಗಳಂತೂ ಟವೆಲು ತಂದುಕೊಟ್ಟು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮುನ್ನೆಚ್ಚರಿಕೆಯಾಗಿ ಸೈಕಲ್ಲನ್ನು ಜಗಲಿಯ ಮೇಲೆ ನನ್ನ ಕುರ್ಚಿಯ ಪಕ್ಕವೇ ನಿಲ್ಲಿಸಿಕೊಂಡು ಊಟಕ್ಕೆ ಕೂತೆ.

ಮಂಜುಳಮ್ಮ ದೊಡ್ಡ ಕಣ್ಣಿನ ಹೆಂಗಸು. ಬಡಿಸುತ್ತಾ ನನ್ನನ್ನೇ ನೋಡುತ್ತಿದ್ದರು.

“ಇದೇನಣ್ಣ ಈ ಸೈಕಲ್ಲು? ಗುಜರಿಯೋರೂ ಮುಟ್ಟಲ್ವೇನೋ.”

ಅಪ್ಪನ ಸೈಕಲ್ಲು! ಟ್ರಿಣ್. “ಹಳೇದು ತಾಯಿ, ಇರ್ಲಿ ಅಂತ.”

“ಮುದ್ದೆ ಆರೋಗಿದೆ. ಬಿಸಿ ಮಾಡೋಕೆ ಬೇಜಾರು. ಹಂಗೇ ತಿಂತೀರಾ?”

ಟ್ರಿಣ್ ಟ್ರಿಣ್. “ಆರಿದ ಮುದ್ದೇನೇ ಆರೋಗ್ಯ.”

ಮಂಜುಳಮ್ಮ ಗೇಟಿನ ಕಡೆ ಕೈ ತೋರಿಸಿದರು. ಒಬ್ಬರು ನುಸುಳುವಷ್ಟು ಜಾಗ ಬಿಟ್ಟು, ಗೇಟಿಗೆ ಅಡ್ಡಲಾಗಿ ಆಳೆತ್ತರ ಜಲ್ಲಿಯ ಗುಡ್ಡೆ. “ಪಕ್ಕದ ಮನೆಯೋನು ದೀಪಾವಳಿಗೆ ಮುಂಚೆ ಸುರಿಸಿರೋದು. ಕಾರ್ ಆಚೆ ಹೋಗಲ್ಲ. ನಮ್ಮೋರು ದಿನಾ ಹೋಗಿ ‘ತಪ್ಪು ತಿಳ್ಕೋಬೇಡಿ’ ಅಂತಾರೆ. ಅವನು ತಿಳ್ಕೊಳ್ಳಲ್ಲ, ತೆಗೆಯೋದೂ ಇಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ ಅಣ್ಣ?”

ನಾನಾಗಿದ್ದರೆ ಆ ಜಲ್ಲಿಯನ್ನು ಒಂದೊಂದಾಗಿ ಎಣಿಸಿ ಅವನ ಮೇಲೆಯೇ ಹಾಕುತ್ತಿದ್ದೆ. ಆದರೆ ಸುಕನ್ಯಳ ಕಣ್ಣು, ಮಗಳ ಕಣ್ಣು, ಎರಡೂ ನನ್ನ ಮೇಲಿದ್ದವು. ಬೆಲ್ಲು ಒಂದು ಸಲ ಒತ್ತಿ, “ಪಾಪ, ಅವರಿಗೇನು ಕಷ್ಟವೋ ತಾಯಿ” ಎಂದೆ.

ಮಂಜುಳಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲಿ ಠಪ್ಪನೆ ಬಿಟ್ಟರು. ಸುಕನ್ಯಳನ್ನು ಒಳಗೆ ಕರೆದುಕೊಂಡು ಹೋದರು. ಒಪ್ಪಿಗೆಯ ಸಕ್ಕರೆ ತರಲು ಹೋದರೆಂದು ನಾನು ಮೀಸೆ ಒರೆಸಿಕೊಂಡೆ. ಕಿಟಕಿಯಿಂದ ಮಾತು ಕೇಳಿಸಿತು.

“ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಹುಡುಗಿ ಬಂಗಾರ. ಆದ್ರೆ ಈ ಸಂಬಂಧ ನಮ್ಗೆ ಆಗಲ್ಲ.”

“ಯಾಕ್ರೀ? ನಮ್ಮೋರು ಏನಂದ್ರು?”

“ಏನೂ ಅನ್ಲಿಲ್ಲ! ಅದೇ ಕಷ್ಟ. ನಮ್ಮೆಜಮಾನ್ರು ಬಾಯಿಲ್ಲದೋರು. ದೊಡ್ಡ ಮಗಳ ಮದುವೇಲಿ ಅಡುಗೆಯೋರು ಅರ್ಧ ಮಟನ್ ಹೊತ್ಕೊಂಡ್ ಹೋದ್ರು, ಇವರು ‘ತಪ್ಪು ತಿಳ್ಕೋಬೇಡಿ, ಜೋಪಾನ’ ಅಂತ ಆಟೊ ಹತ್ತಿಸಿದ್ರು. ಫೋಟೊದೋನು ಧಾರೆ ಹೊತ್ತಲ್ಲಿ ಮಲಗಿದ್ದ, ಇವರು ಹೊದಿಸಿದ್ರು. ಈ ಸಲ ಬೀಗರಾದ್ರೂ ಗದರೋರು ಸಿಗ್ಲಿ ಅಂತ ಮುನೇಶ್ವರನಿಗೆ ಕೈಮುಗಿದಿದ್ದೆ. ನಿಮ್ಮೋರು ಬಾಯಿ ಬಿಟ್ರೆ ಬೀದಿ ನಡುಗುತ್ತೆ ಅಂತ ಊರೆಲ್ಲಾ ಹೇಳ್ತು. ಅದಕ್ಕೇ ಬಿಡಿಸಿ ಬಿಡಿಸಿ ಕೇಳಿ ಆಸೆಯಿಂದ ಕರೆಸ್ಕೊಂಡ್ವಿ. ನೋಡಿದ್ರೆ ಬರೀ ಬೆಲ್ಲು! ಎರಡೂ ಕಡೆ ಹಸುಗಳೇ ಆದ್ರೆ ಮದುವೆ ನಡೆಸೋರ್ ಯಾರಕ್ಕಾ?”

ಆಮೇಲೆ ಸುಕನ್ಯ ಬಿರುಗಾಳಿಯ ಹಾಗೆ ಹೊರಗೆ ಬಂದಳು.

“ರೀ! ಬೈಯ್ರೀ!”

“ಯಾರನ್ನೇ?”

“ಯಾರನ್ನಾದ್ರೂ! ಆ ಜಲ್ಲಿಯೋನ್ನ ಬೈಯ್ರಿ, ನನ್ನ ಬೈಯ್ರಿ! ಇವರಿಗೆ ಕೋಪದ ಬೀಗರೇ ಬೇಕಂತೆ. ತೋರ್ಸಿ ಒಂದ್ಸಲ!”

ಮಂಜುಳಮ್ಮ ಬಾಗಿಲಲ್ಲಿ ಆಸೆಗಣ್ಣಿನಿಂದ ನಿಂತರು. ಮುನಿರಾಜಪ್ಪ ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತರು. ಸೂರ್ಯ, ಧನುಶ್ರೀ ಕೈ ಕೈ ಹಿಡಿದುಕೊಂಡಿದ್ದಾರೆ. ಇಡೀ ಕ್ಲಬ್ಬು ಎಲೆ ಬಿಟ್ಟು ನನ್ನ ಕಡೆ ತಿರುಗಿದೆ. ನನ್ನ ಜೀವಮಾನದ ವಿದ್ಯೆಗೆ ಮೊದಲ ಸಲ ಇಷ್ಟು ದೊಡ್ಡ ಸಭೆ ಸಿಕ್ಕಿತ್ತು. ಗಂಟಲು ಸರಿಮಾಡಿಕೊಂಡೆ. ಎದೆ ಉಬ್ಬಿಸಿದೆ. ಬಿಳಿ ಕಾರು, ಆಟೊದವನು, ಕಾಫಿಯ ಬೆಲೆ, ಹಳ್ಳ, ಆರಿದ ಮುದ್ದೆ, ಎಲ್ಲವನ್ನೂ ನೆನೆಸಿಕೊಂಡೆ. ಕೋಪ ಉಕ್ಕಿ ಉಕ್ಕಿ ಬಂತು. ಬಾಯಿ ತೆರೆದೆ.

ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್.

ಹೆಬ್ಬೆಟ್ಟು ಹೋಗಿ ಒತ್ತಿಬಿಟ್ಟಿತ್ತು. ಕೋಪವೆಲ್ಲ ಅಲ್ಲಿಂದ ಇಳಿದು ಖಾಲಿಯಾಗಿತ್ತು. ಮೊಹ್ಸಿನ್ ಅಭ್ಯಾಸಬಲದಿಂದ, “ಹಿಂದೆ ಯಾರು ಬಿದ್ರು?” ಎಂದು ಎದ್ದರು.

ಆಗ ಸುಕನ್ಯ ಶುರು ಮಾಡಿದಳು.

“ನಿಮ್ ಬೆಲ್ಲಿಗೆ ಬೆಂಕಿ ಬೀಳ! ಇಷ್ಟ್ ವರ್ಷ ಬೇಡ ಬೇಡ ಅಂದ್ರೂ ಕೂಗಾಡಿದ್ರಿ, ಹಾಲಿನೋನ್ನ ಬಿಡ್ಲಿಲ್ಲ, ಪೇಪರಿನೋನ್ನ ಬಿಡ್ಲಿಲ್ಲ, ನಮ್ಮಣ್ಣನ ಗೃಹಪ್ರವೇಶದಲ್ಲಿ ಪುರೋಹಿತರನ್ನೂ ಬಿಡ್ಲಿಲ್ಲ! ಒಂದೇ ಒಂದ್ ಸಲ ಕೂಗಿ ಅಂದ್ರೆ ಟ್ರಿಣ್ ಅಂತೀರಾ? ಮಗಳ ಬಾಳಿನ ಪ್ರಶ್ನೆಗೆ ಟ್ರಿಣ್ಣಾ?” ಎಂದು ನನ್ನಿಂದ ಹಿಡಿದು, ದೇವರಂಥ ಮನುಷ್ಯ ಎಂದ ಚಿಕ್ಕಮುನಿಯಪ್ಪನವರೆಗೆ ಬಂದು, ಅಲ್ಲಿಗೂ ಸಾಲದೆ ಮಳೆಯಲ್ಲೇ ಗೇಟಿಗೆ ನಡೆದಳು. ಜಲ್ಲಿಯ ಗುಡ್ಡೆಯ ಮೇಲೆ ಹತ್ತಿ ನಿಂತು ಪಕ್ಕದ ಮನೆಯವರನ್ನು ಉದ್ದೇಶಿಸಿ ಅವಳು ಮಾಡಿದ ಭಾಷಣವನ್ನು ಇಲ್ಲಿ ಬರೆಯಲಾರೆ. ಇಷ್ಟು ಹೇಳಬಲ್ಲೆ: ಅದರಲ್ಲಿ ನನಗೇ ಗೊತ್ತಿಲ್ಲದ ಮಾತುಗಳಿದ್ದವು. ನಾನು ಮನೆಯಲ್ಲಿ ಇಷ್ಟು ವರ್ಷ ಕೂಗಾಡುತ್ತಿದ್ದದ್ದು ಯಾರ ದಯೆಯಿಂದ ಎಂದು ಆಗ ತಿಳಿಯಿತು.

ಪಕ್ಕದ ಮನೆಯವನು ಬನಿಯನ್ನಿನಲ್ಲೇ ಹೊರಬಂದ. ಬುಟ್ಟಿ, ಗುದ್ದಲಿ ತಂದ. “ಅಮ್ಮಾ, ಈಗ್ಲೇ, ಈಗ್ಲೇ” ಎನ್ನುತ್ತಾ ಸುರಿಯುವ ಮಳೆಯಲ್ಲಿ ಜಲ್ಲಿ ಎತ್ತತೊಡಗಿದ.

ಮಂಜುಳಮ್ಮ ಓಡಿಹೋಗಿ ಸುಕನ್ಯಳನ್ನು ಗುಡ್ಡೆಯ ಮೇಲೇ ತಬ್ಬಿಕೊಂಡರು. “ಅಕ್ಕಾ! ಬೀಗಿತ್ತಿ ಅಂದ್ರೆ ನೀವು! ಬೀಗರು ಹೆಂಗಾದ್ರೂ ಇರ್ಲಿ ಬಿಡಿ, ಒಂದ್ ಮೂಲೇಲಿ ಕೂತಿರ್ತಾರೆ. ಸೂರ್ಯಾ, ಸಕ್ಕರೆ ತಾರೋ!” ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ರೇವತಿಯಂತೂ, “ಆಂಟಿ, ಮುಂದಿನ ರೈಡಿಗೆ ನೀವೇ ಕ್ಯಾಪ್ಟನ್” ಎಂದಳು. ನನ್ನ ಬಾಯಿಗೂ ಯಾರೋ ಒಂದು ಚಿಟಿಕೆ ಸಕ್ಕರೆ ಹಾಕಿದರು.

ಮಗಳ ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಅಡುಗೆಯವರು, ಫೋಟೊದವರು, ಹೂವಿನವರು ಎಲ್ಲರೂ ಸುಕನ್ಯಳ ಮುಂದೆ ಕೈಕಟ್ಟಿ ನಿಂತಿದ್ದರು. ಮುನಿರಾಜಪ್ಪನವರೂ ನಾನೂ ಒಂದು ಮೂಲೆಯಲ್ಲಿ ಅಕ್ಕಪಕ್ಕ ಕೂತು, ತಪ್ಪು ತಿಳಿದುಕೊಳ್ಳದೆ, ಊಟಕ್ಕೆ ಕರೆಯುವುದನ್ನು ಕಾಯುತ್ತಿದ್ದೆವು.

ಬೆಲ್ಲು ಈಗ ಮತ್ತೆ ನನ್ನ ಕುರ್ಚಿಯ ಕೈಯಲ್ಲಿದೆ. ಬಿಚ್ಚಿ ಎಸೆಯಲು ನೋಡಿದೆ. ಆದರೆ ಅದಿಲ್ಲದಿದ್ದರೆ ಹೆಬ್ಬೆಟ್ಟು ಬರಿದೇ ಕುರ್ಚಿಯನ್ನು ಒತ್ತುತ್ತಾ ಕೂರುತ್ತದೆ, ನೋಡಿದವರಿಗೆ ಚೆನ್ನಾಗಿರುವುದಿಲ್ಲ. ಹಾಲಿನವನು ಬಿಸಿಲೇರಿದ ಮೇಲೆ ಬರುತ್ತಾನೆ. ಮೂರನೇ ಮಹಡಿಯವರು ಪಂಪು ಆರಿಸುವುದನ್ನೇ ಬಿಟ್ಟಿದ್ದಾರೆ. ನನಗೆ ಕೋಪ ಕುದಿಯುತ್ತದೆ. ಟ್ರಿಣ್ ಟ್ರಿಣ್ ಟ್ರಿಣ್ ಎಂದು ಒತ್ತುತ್ತೇನೆ.

ಅಡುಗೆಮನೆಯಿಂದ ಸುಕನ್ಯ ಗದರುತ್ತಾಳೆ. “ಯಾರೋ ಬಂದ್ರು, ಕೇಳಿಸ್ಲಿಲ್ವೇನ್ರೀ? ಎದ್ದು ಬಾಗ್ಲು ತೆಗೀರಿ!”

ನಾನು ಎದ್ದು ಹೋಗಿ ಬಾಗಿಲು ತೆಗೆಯುತ್ತೇನೆ. ಯಾರೂ ಇರುವುದಿಲ್ಲ. ಆದರೂ ಆಚೀಚೆ ಒಂದು ಸಲ ನೋಡಿ, ಸದ್ದಾಗದಂತೆ ಮುಚ್ಚಿಕೊಂಡು ಒಳಗೆ ಬರುತ್ತೇನೆ.